ಜೋಡಿಯಿಲ್ಲದ ಪೆಟ್ಟು

ನನ್ನ ಕೈ ಸ್ವಲ್ಪ ಒರಟು. ಬಳೆ ತೊಡಿಸುವಾಕೆ ಪ್ರತಿ ಸಲವೂ ‘ಏನಮ್ಮಾ, ಗದ್ದೆ ಕೆಲಸವಾ?’ ಎಂದು ಕೇಳುತ್ತಾಳೆ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಕೈ ಎಂದರೆ ನಂಬುವುದಿಲ್ಲ. ಅದಕ್ಕೂ ಮೊದಲು ಹತ್ತು ವರ್ಷ ದೊಣ್ಣೆ ಹಿಡಿದಿತ್ತು ಎಂಬುದನ್ನು ನಾನು ಹೇಳುವುದಿಲ್ಲ. ಹೇಳಿದರೆ ಬಳೆಯ ಅಳತೆ ಮರೆತು ಕಥೆ ಕೇಳಲು ಕೂತುಬಿಡುತ್ತಾಳೆ.

ಮೈಸೂರಿನ ನಮ್ಮ ಕೇರಿಯಲ್ಲಿ ಒಂದು ಗರಡಿಯಿತ್ತು. ಅಪ್ಪ ಹಗಲು ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು, ಬೆಳಗಿನ ಜಾವ ಮತ್ತು ಸಂಜೆ ಅಲ್ಲಿ ಹುಡುಗರಿಗೆ ಸಾಮು ಕಲಿಸುತ್ತಿದ್ದರು. ಮಟ್ಟಿಯ ಕೆಮ್ಮಣ್ಣಿಗೆ ಬೆರೆಸುವ ಮಜ್ಜಿಗೆ, ಅರಿಸಿನ, ಎಣ್ಣೆ ಎಲ್ಲ ಹೋಗುತ್ತಿದ್ದುದು ನಮ್ಮ ಅಡುಗೆಮನೆಯಿಂದಲೇ. ಹೊತ್ತುಕೊಂಡು ಹೋಗುವವಳು ನಾನು, ಆದರೆ ಹೊಸ್ತಿಲಲ್ಲೇ ಇಳಿಸಿ ಬರಬೇಕು. ಒಳಗಿರುವ ಹನುಮಂತ ಬ್ರಹ್ಮಚಾರಿಯಂತೆ, ಹೆಣ್ಣಿಗೆ ಪ್ರವೇಶವಿಲ್ಲವಂತೆ. ನಮ್ಮ ಮನೆಯ ಮಜ್ಜಿಗೆಗೆ ಮಾತ್ರ ಅವನ ಅಭ್ಯಂತರವಿರಲಿಲ್ಲ.

ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ನನಗೆ ಎಂಟು ವರ್ಷವಿದ್ದಾಗ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ದಂಡ, ಬಸ್ಕಿ ಶುರು ಮಾಡಿಸಿದರು. ಮೊದಲು ಕಲಿಸಿದ್ದು ಬೀಳುವುದನ್ನು. ಕೈಯೂರಿ ಬಿದ್ದರೆ ಮಣಿಕಟ್ಟು ಮುರಿಯುತ್ತದೆ, ಮೈಯನ್ನು ಉರುಳಿಸಿ ಬೀಳಬೇಕು. ಆಮೇಲೆ ಪಟ್ಟುಗಳು. ನಾನು ದೊಡ್ಡವಳಾದ ವರ್ಷ ಅಮ್ಮ ಕುಸ್ತಿ ನಿಲ್ಲಿಸಿದಳು. ‘ಕೈಕಾಲು ಗಂಡಸರ ಹಾಗಾದರೆ ನಾಳೆ ಯಾರು ಒಪ್ಪುತ್ತಾರೆ?’ ಎಂಬುದು ಅವಳ ಪ್ರಶ್ನೆ. ಮೈಗೆ ಮೈ ತಾಗುವುದಿಲ್ಲವೆಂಬ ರಿಯಾಯಿತಿಯಲ್ಲಿ ದೊಣ್ಣೆವರಸೆ ಮಾತ್ರ ಉಳಿಯಿತು. ಬಿ.ಎ. ಮುಗಿಯುವವರೆಗೂ ಅದನ್ನು ಬಿಡಲಿಲ್ಲ.

ದಸರಾ ಬಂತೆಂದರೆ ಅಪ್ಪ ನನ್ನನ್ನು ಎರಡು ಕಡೆ ಕರೆದೊಯ್ಯುತ್ತಿದ್ದರು. ಒಂದು, ವಿಜಯದಶಮಿಯ ದಿನ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ. ತಲೆ ಬೋಳಿಸಿಕೊಂಡ ಜೆಟ್ಟಿಗಳು ಮುಷ್ಟಿಗೆ ವಜ್ರನಖ ತೊಟ್ಟು ನಿಲ್ಲುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿತೋ ಕಾಳಗ ಅಲ್ಲಿಗೆ ಮುಗಿಯಿತು. ಇನ್ನೊಂದು, ದಸರಾ ಕುಸ್ತಿಗೆ ಜೋಡಿ ಕಟ್ಟುವ ದಿನ. ಅಪ್ಪನಿಗೆ ಕುಸ್ತಿಗಿಂತ ಇದೇ ಮುಖ್ಯ. ಊರೂರಿನಿಂದ ಬಂದ ಪೈಲ್ವಾನರನ್ನು ಸಾಲಾಗಿ ನಿಲ್ಲಿಸಿ, ವಯಸ್ಸು, ತೂಕ, ಪಳಗಿದ ಮೈ ಎಲ್ಲವನ್ನೂ ನೋಡಿ, ಇವನಿಗೆ ಇವನು ಎಂದು ಹಿರಿಯರು ಗೊತ್ತುಮಾಡುತ್ತಾರೆ. ಇಬ್ಬರೂ ಒಪ್ಪಿ ಕೈ ಕುಲುಕಬೇಕು. ಒಪ್ಪದಿದ್ದರೆ ಜೋಡಿಯಿಲ್ಲ, ಜೋಡಿಯಿಲ್ಲದೆ ಕುಸ್ತಿಯಿಲ್ಲ. ‘ಜೋಡಿ ಸರಿಯಿಲ್ಲದಿದ್ದರೆ ಗೆದ್ದವನಿಗೇ ಅವಮಾನ’ ಎನ್ನುತ್ತಿದ್ದರು ಅಪ್ಪ. ಹೆಣ್ಣುಮಕ್ಕಳ ಕುಸ್ತಿ 2004ರಲ್ಲಿ ಒಲಿಂಪಿಕ್ಸಿಗೆ ಸೇರಿದ್ದನ್ನು ಪೇಪರಿನಲ್ಲಿ ಓದಿ ಹೇಳಿದಾಗಲೂ ಅವರು ಮೊದಲು ಕೇಳಿದ್ದು ತೂಕದ ವಿಭಾಗಗಳು ಎಷ್ಟು ಎಂದು. 2016ರಲ್ಲಿ ರಿಯೋದಲ್ಲಿ ಸಾಕ್ಷಿ ಮಲಿಕ್ ಕಂಚು ಗೆಲ್ಲುವ ಹೊತ್ತಿಗೆ ಅವರಿರಲಿಲ್ಲ.

ಇಷ್ಟೆಲ್ಲ ಕಲಿತ ನಾನು 1996ರಲ್ಲಿ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದಾಗ, ಆರನೇ ತರಗತಿಯ ಒಬ್ಬ ಹುಡುಗನ ಕೆನ್ನೆಗೆ ಹೊಡೆದೆ.

ಅರುವತ್ತು ಮಕ್ಕಳ ತರಗತಿ, ಮಧ್ಯಾಹ್ನದ ಪೀರಿಯಡ್ಡು, ಮನೆಯಲ್ಲಿ ಜ್ವರದ ಮಗು. ಇವೆಲ್ಲ ಕಾರಣಗಳಲ್ಲ, ನಾನು ಆಮೇಲೆ ಹೊಂದಿಸಿಕೊಂಡವು. ಅವನು ಏನೋ ನೋಡಿ ನಕ್ಕ, ನನ್ನನ್ನು ನೋಡಿ ನಕ್ಕನೆಂದು ನನಗನ್ನಿಸಿತು, ಅಷ್ಟೆ. ಬೇರೆ ಶಿಕ್ಷಕಿಯರೂ ಹೊಡೆಯುತ್ತಿದ್ದರು. ಆದರೆ ನನ್ನ ಪೆಟ್ಟು ಬೇರೆಯಾಗಿತ್ತು. ಯಾರೂ ಹೇಳದೆಯೇ ಕಾಲು ಊರಿಕೊಂಡಿತು, ಸೊಂಟ ತಿರುಗಿತು, ಭುಜದ ತೂಕವೆಲ್ಲ ಅಂಗೈಗೆ ಬಂತು. ಹುಡುಗ ಬೆಂಚಿನಿಂದ ಕೆಳಕ್ಕೆ ಬಿದ್ದ. ಬೀಳುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ, ಕೈಯೂರಿಯೇ ಬಿದ್ದ. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಎದ್ದು ನಿಂತು, ಕೈ ಜೋಡಿಸಿ, ‘ಇನ್ನು ಮಾಡಲ್ಲ ಮಿಸ್’ ಎಂದ. ಏನು ಮಾಡಲ್ಲ? ನಗುವುದನ್ನೇ?

ಮರುದಿನ ಅವನ ತಂದೆ ಬಂದರು. ನಾನು ನಡುಗುತ್ತ ಎದ್ದು ನಿಂತೆ. ಅವರು ನಮಸ್ಕಾರ ಮಾಡಿ, ‘ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದರೂ ಹೊಡೀರಿ ಮಿಸ್, ಬುದ್ಧಿ ಬರಲಿ’ ಎಂದು ಹೇಳಿ ಹೋದರು. ಬೈದಿದ್ದರೆ ಸುಲಭವಾಗಿತ್ತು.

ಆ ಭಾನುವಾರ ತವರಿಗೆ ಹೋದಾಗ ಅಪ್ಪನಿಗೆ ಹೇಳಿದೆ. ಅವರು ಬೀಡಿ ಆರಿಸಿ ಕೇಳಿದ್ದು ಒಂದೇ: ‘ಅವನ ತೂಕ ಎಷ್ಟು?’

ನನಗೆ ಸಿಟ್ಟು ಬಂತು. ‘ನೀವೂ ಗರಡಿಯಲ್ಲಿ ಬೆತ್ತ ಬೀಸುತ್ತಿರಲಿಲ್ಲವೇ?’ ಎಂದೆ. ಬಹಳ ಹೊತ್ತು ಸುಮ್ಮನಿದ್ದರು. ‘ನಾನು ಮಾಡಿದ್ದೆಲ್ಲ ಸರಿ ಅಂತ ನಿನಗೆ ಯಾರು ಹೇಳಿದ್ದು?’ ಎಂದರು.

ಅಂದಿನಿಂದ ನಾನು ಮಕ್ಕಳ ಮೇಲೆ ಕೈ ಎತ್ತಿಲ್ಲ. ಶಿಕ್ಷಣ ಹಕ್ಕು ಕಾಯಿದೆ 2009ರಲ್ಲಿ ಬಂದು, ಮರುವರ್ಷ ಜಾರಿಯಾಗಿ, ಹೊಡೆಯುವುದು ಕಾನೂನಿನಲ್ಲೇ ನಿಷಿದ್ಧವಾಗುವ ಮೊದಲೇ ಬಿಟ್ಟೆನೆಂದು ಒಳಗೊಳಗೇ ಹೆಮ್ಮೆಯೂ ಇತ್ತು. ಆ ಹೆಮ್ಮೆ ಎಷ್ಟು ಪೊಳ್ಳೆಂದು ತಿಳಿಯಲು ಸಮಯ ಹಿಡಿಯಿತು. ಕೈ ಸುಮ್ಮನಾದ ಮೇಲೆ ನನ್ನ ನಾಲಿಗೆ ಚುರುಕಾಗಿತ್ತು. ಒಂದು ಮಾತು ಅಂದರೆ ಸಾಕು, ಇಡೀ ತರಗತಿ ನಗುತ್ತಿತ್ತು, ಒಬ್ಬರು ತಲೆ ತಗ್ಗಿಸುತ್ತಿದ್ದರು. ತೊದಲುವ ಹುಡುಗಿಯೊಬ್ಬಳು ನನ್ನ ಪೀರಿಯಡ್ಡಿನ ದಿನವೇ ಹೊಟ್ಟೆನೋವೆಂದು ಮನೆಯಲ್ಲಿ ಉಳಿಯುತ್ತಾಳೆಂದು ಅವಳ ತಾಯಿ ಸಂಕೋಚದಿಂದ ಹೇಳಿದಾಗ ಗೊತ್ತಾಯಿತು. ಅವಳು ತಿರುಗಿ ಒಂದು ಮಾತು ಆಡಬಹುದಿತ್ತೇ? ಅಲ್ಲಿ ಜೋಡಿ ಎಲ್ಲಿತ್ತು? ಕೈ ಬಿಟ್ಟಷ್ಟು ಸುಲಭವಾಗಿ ಇದನ್ನು ಬಿಟ್ಟಿದ್ದೇನೆಂದು ಇವತ್ತಿಗೂ ಧೈರ್ಯವಾಗಿ ಹೇಳಲಾರೆ.

ಭಯವಿಲ್ಲದೆ ಶಿಸ್ತು ಬರುವುದಿಲ್ಲವೆಂದು ನನ್ನ ಸಹೋದ್ಯೋಗಿಗಳು ಹೇಳುತ್ತಾರೆ. ಅವರ ಮಾತನ್ನು ತಳ್ಳಿಹಾಕಲಾರೆ, ನನ್ನ ತರಗತಿ ಗದ್ದಲದ್ದೇ. ಪಕ್ಕದ ಕೊಠಡಿಯವರು ಬಂದು ಬಾಗಿಲು ಹಾಕಿಕೊಂಡು ಹೋಗುತ್ತಾರೆ.

ಈಗ ಶಾಲೆಗಳಲ್ಲಿ ಹುಡುಗಿಯರಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನ ಆತ್ಮರಕ್ಷಣೆಯ ತರಬೇತಿ ಕೊಡುತ್ತಾರೆ. ನಮ್ಮಲ್ಲಿಯೂ ಕರಾಟೆ ಮಾಸ್ತರು ಬಂದರು. ನನ್ನನ್ನು ಮೇಲ್ವಿಚಾರಣೆಗೆ ಹಾಕಿದರು. ಮೈದಾನದಲ್ಲಿ ಸಾಲಾಗಿ ನಿಂತು, ಎರಡು ಜಡೆ ಹಾರಿಸುತ್ತ, ಗಾಳಿಗೆ ಗುದ್ದುವ ಹುಡುಗಿಯರನ್ನು ನೋಡಿ ನನಗೆ ಹಿತ್ತಲಿನ ಕಲ್ಲು ನೆನಪಾಗಿ ಕಣ್ಣು ತುಂಬಿತು. ತರಬೇತಿ ಮುಗಿದ ಮೇಲೆ ಎಂಟನೇ ತರಗತಿಯ ಒಬ್ಬಳು ಹತ್ತಿರ ಬಂದು ಕೇಳಿದಳು: ‘ಮಿಸ್, ಇದನ್ನೆಲ್ಲ ಹೊರಗಿನವರ ಮೇಲೆ ಮಾತ್ರ ಮಾಡಬೇಕಾ?’

ಅವಳ ಮೊಣಕೈ ಮೇಲೆ ನೀಲಿ ಗುರುತಿತ್ತು.

ನನಗೆ ಗೊತ್ತಿದ್ದುದು ಬಲಿಷ್ಠನಿಗೆ ಹೇಳುವ ನೀತಿ. ಜೋಡಿಯಲ್ಲದವನ ಮೇಲೆ ಕೈ ಮಾಡಬೇಡ. ಆದರೆ ಎಂಬತ್ತು ಕಿಲೋದ ಮನುಷ್ಯ ಮೂವತ್ತೈದು ಕಿಲೋದವಳ ಮೇಲೆ ಎರಗಿದಾಗ ಅವಳಿಗೆ ಏನು ಹೇಳುವುದು? ತಂದೆಯನ್ನು ಹೊಡೆ ಎನ್ನಲು ನನ್ನ ಬಾಯಿ ಏಳಲಿಲ್ಲ. ಸಹಿಸಿಕೋ ಎನ್ನಲೂ ಏಳಲಿಲ್ಲ. ಮುಖ್ಯೋಪಾಧ್ಯಾಯಿನಿಯವರಿಗೆ ತಿಳಿಸಿದೆ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನೂ ಹೋಯಿತು. ನಾವಿಬ್ಬರೂ ಅವಳ ಮನೆಗೂ ಹೋಗಿ ಬಂದೆವು. ತಾಯಿ ಕಾಫಿ ಕೊಟ್ಟರು. ತಂದೆ ಗೋಡೆ ನೋಡುತ್ತ ಕೂತಿದ್ದರು, ಆದರೂ ನಾವು ಹೇಳಬೇಕಾದ್ದನ್ನು ಹೇಳಿಯೇ ಎದ್ದೆವು.

ಮರುದಿನ ಊಟದ ವಿರಾಮದಲ್ಲಿ ಅವಳನ್ನು ಸ್ಟಾಫ್ ರೂಮಿನ ಹಿಂದೆ ಕರೆದು ನನ್ನ ಕೈಗೆ ಅವಳ ಮಣಿಕಟ್ಟು ಕೊಡಲು ಹೇಳಿದೆ. ಹಿಡಿದವನ ಕೈಯಲ್ಲಿ ಸಡಿಲ ಜಾಗ ಒಂದೇ, ಹೆಬ್ಬೆರಳೂ ಬೆರಳುಗಳೂ ಸೇರುವ ಕಡೆ. ಅತ್ತ ತಿರುಗಿಸಿ ಎಳೆದುಕೋ, ಬಿಡಿಸಿಕೊಂಡ ಕೂಡಲೇ ಓಡು, ಪಕ್ಕದ ಮನೆಯ ಬಾಗಿಲು ತಟ್ಟು ಎಂದು ಹೇಳಿಕೊಟ್ಟೆ. ಮೊದಲೆರಡು ಸಲ ಆಗಲಿಲ್ಲ. ‘ನೀವು ಜೋರಾಗಿ ಹಿಡಿದಿದ್ದೀರಿ ಮಿಸ್’ ಎಂದಳು. ಹೌದು, ಸಡಿಲಿಸಲಿಲ್ಲ. ಮೂರನೆಯ ಸಲ ಅವಳ ಕೈ ಜಾರಿ ಹೊರಬಂತು. ಇಬ್ಬರಿಗೂ ನಗು ಬಂತು. ಇನ್ನೊಂದು ಸಲ ಹಿಡಿಯಿರಿ ಎಂದಳು.