ಇಂದಿನ ಧಮ್ಮ ಚಿಂತನೆ: ವಿಹಾರಯಾತ್ರೆ, ಧಮ್ಮಯಾತ್ರೆ





ಅಶೋಕನ ಎಂಟನೆಯ ಶಿಲಾಶಾಸನದಲ್ಲಿ ಪ್ರವಾಸದ ಮಾತು ಬರುತ್ತದೆ. ಹಿಂದಿನ ಅರಸರು ವಿಹಾರಯಾತ್ರೆಗೆ ಹೋಗುತ್ತಿದ್ದರು. ಬೇಟೆ, ಮೋಜು ಅದರ ಭಾಗ. ಪಟ್ಟಕ್ಕೆ ಬಂದ ಹತ್ತು ವರ್ಷಕ್ಕೆ ಅಶೋಕ ಸಂಬೋಧಿಗೆ, ಅಂದರೆ ಬುದ್ಧಗಯೆಗೆ ಹೋದ. ಅಲ್ಲಿಂದ ಅವನ ಪ್ರವಾಸಗಳು ಧಮ್ಮಯಾತ್ರೆಗಳಾದವು. ಗಮನಿಸಿ, ಅವನು ತಿರುಗಾಟ ನಿಲ್ಲಿಸಲಿಲ್ಲ. ಸಂತೋಷವನ್ನೂ ಬಿಡಲಿಲ್ಲ, ಇದರಲ್ಲೇ ತನಗೆ ಹೆಚ್ಚು ಸಂತೋಷ ಎಂದು ಕಲ್ಲಿನಲ್ಲಿ ಕೆತ್ತಿಸಿದ. ಬದಲಾದದ್ದು ದಾರಿಯಲ್ಲಿ ಮಾಡುವ ಕೆಲಸ. ವೃದ್ಧರನ್ನು ಕಾಣುವುದು, ದಾನ ಕೊಡುವುದು, ಹಳ್ಳಿಗಾಡಿನ ಜನರ ಜೊತೆ ಕೂತು ಮಾತಾಡುವುದು.

ಇದನ್ನು ನೆನಪಿಸಲು ಕಾರಣವಿದೆ. ಪೊನ್ನಂಪೇಟೆಯ ನಮ್ಮ ಬಳಗದಿಂದ ಮಕ್ಕಳನ್ನೂ ಹಿರಿಯರನ್ನೂ ಗೋಕರ್ಣದ ಕಡಲ ನಡಿಗೆಗೆ ಕರೆದೊಯ್ಯುವ ಮಾತು ನಡೆದಿದೆ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂದು ಒಂದರ ಹಿಂದೆ ಒಂದು ಬೀಚು. ನಡುವೆ ಬಂಡೆಗುಡ್ಡ, ಕಾಲುದಾರಿ. ಕೊನೆಯ ಎರಡಕ್ಕೆ ವಾಹನವೇ ಹೋಗುವುದಿಲ್ಲ; ನಡೆಯಬೇಕು ಇಲ್ಲವೇ ದೋಣಿ ಹತ್ತಬೇಕು. ಗುಂಪಿನಲ್ಲಿ ಇಬ್ಬರು ಹಿರಿಯರು ಆಕ್ಷೇಪ ಎತ್ತಿದ್ದಾರೆ. ಇದು ಉಳ್ಳವರ ಷೋಕಿ ಎನ್ನುವುದು ಒಂದು. ಗೋಕರ್ಣಕ್ಕೆ ನಾವೇಕೆ ಹೋಗಬೇಕು ಎನ್ನುವುದು ಇನ್ನೊಂದು.

ಎರಡನೆಯದಕ್ಕೆ ಉತ್ತರ ಸುಲಭ. ನಾವು ಹೋಗುವುದು ಗುಡಿಗಲ್ಲ, ಕಡಲಿಗೆ. ಕಡಲನ್ನು ಯಾರ ಹೆಸರಿಗೂ ಬರೆದುಕೊಟ್ಟಿಲ್ಲ.

ಮೊದಲನೆಯದು ನನ್ನನ್ನು ಕಾಡಿತು. ನನ್ನ ಅವ್ವ ಕಾಫಿ ತೋಟದ ಲೈನ್ ಮನೆಯಲ್ಲಿ ಬದುಕಿದವಳು. ದಿನಕ್ಕೆ ಎಷ್ಟು ಮೈಲಿ ನಡೆಯುತ್ತಿದ್ದಳೋ ಲೆಕ್ಕ ಇಟ್ಟವರಿಲ್ಲ. ತೋಟಕ್ಕೆ, ನೀರಿಗೆ, ಸೌದೆಗೆ, ಸಂತೆಗೆ. ತಲೆಯ ಮೇಲೆ ಹೊರೆ ಇಲ್ಲದೆ, ಸುಮ್ಮನೆ ನೋಡುತ್ತಾ ಒಂದು ದಿನವೂ ನಡೆದವಳಲ್ಲ. ಈಗ ಅಂಥದೇ ತೋಟದ ದಾರಿಗಳಲ್ಲಿ ಹೋಂಸ್ಟೇ ಅತಿಥಿಗಳು ಗೈಡ್ ಹಿಂದೆ ‘ನೇಚರ್ ವಾಕ್’ ಹೋಗುತ್ತಾರೆ. ಎದುರಿಗೆ ಸೌದೆ ಹೊತ್ತ ಯರವ ಹೆಂಗಸು ಬಂದರೆ ಅವಳೇ ಪಕ್ಕಕ್ಕೆ ಸರಿದು ನಿಲ್ಲುತ್ತಾಳೆ.

ಲೋಕದಲ್ಲೆಲ್ಲ ಹೀಗೇ. ಇಟಲಿಯ ಮೆಡಿಟರೇನಿಯನ್ ತೀರದಲ್ಲಿ ಚಿಂಕ್ವೆ ತೆರ್ರೆ ಎಂಬ ಐದು ಊರುಗಳಿವೆ. ಕಡಿದಾದ ಗುಡ್ಡಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕಲ್ಲುಗೋಡೆ ಕಟ್ಟಿ ದ್ರಾಕ್ಷಿ ಬೆಳೆದ ರೈತರೂ ಅವರ ಹೇಸರಗತ್ತೆಗಳೂ ತುಳಿದ ದಾರಿಗಳೇ ಇಂದು ಹಣ ಕೊಟ್ಟು ನಡೆಯುವ ರಜೆಯ ದಾರಿಗಳು. 1997ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ದಾರಿ ಮಾಡಿದ ಕಾಲುಗಳು ಬೇರೆ, ಆನಂದಪಡುವ ಕಾಲುಗಳು ಬೇರೆ.

ಅದಕ್ಕೇ ನಮ್ಮವರು ನಡಿಗೆಯ ಸುಖವನ್ನು ಬೇಡ ಎನ್ನಬಾರದು ಅಂತ ನನ್ನ ವಾದ. ನಮಗೆ ದಾರಿಯೇ ಮುಚ್ಚಿತ್ತು. 1924ರಲ್ಲಿ ಪಕ್ಕದ ಕೇರಳದ ವೈಕಂನಲ್ಲಿ ಸತ್ಯಾಗ್ರಹ ನಡೆದದ್ದು ಗುಡಿಯ ಒಳಕ್ಕಲ್ಲ, ಗುಡಿಯ ಸುತ್ತಲ ರಸ್ತೆಯಲ್ಲಿ ನಡೆಯುವುದಕ್ಕೆ. 1927ರ ಮಾರ್ಚ್ 20ರಂದು ಮಹಾಡದಲ್ಲಿ ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಚವದಾರ್ ಕೆರೆಗೆ ನಡೆದೇ ಹೋದರು. ಬಡತನವನ್ನು ಪವಿತ್ರ ಮಾಡಿ ಪೂಜಿಸುವ ಧರ್ಮ ಬೇಡವೆಂದು 1950ರಲ್ಲಿ ಮಹಾಬೋಧಿ ಪತ್ರಿಕೆಗೆ ಬರೆದವರೂ ಅವರೇ. ನಮ್ಮ ತರಗತಿಯಲ್ಲಿ ಕಡಲನ್ನು ಪುಸ್ತಕದಲ್ಲಿ ಮಾತ್ರ ಕಂಡ ಮಕ್ಕಳಿದ್ದಾರೆ. ವಿರಾಜಪೇಟೆ ದಾಟಿ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರಿನ ಕಡಲು, ಅರ್ಧ ದಿನದ ದಾರಿಯೂ ಅಲ್ಲ!

ಹಾಗಾದರೆ ಗೋಕರ್ಣವೇ ಏಕೆ? ನಡಿಗೆ ಇದೆ ಎಂಬುದು ಒಂದು. ದಾರಿಯಲ್ಲಿ ಮಂಗಳೂರಿನ ಕದ್ರಿ ಸಿಗುತ್ತದೆ ಎಂಬುದು ಇನ್ನೊಂದು. ಅಲ್ಲಿಯ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಆಳುಪ ಅರಸ ಕುಂದವರ್ಮನ 968ರ ಶಾಸನವಿದೆ, ಸ್ಥಳವನ್ನು ವಿಹಾರ ಎಂದೇ ಕರೆದಿದೆ. ಲೋಕೇಶ್ವರನೆಂದರೆ ಅವಲೋಕಿತೇಶ್ವರ. ಈಗ ಅದು ದೇವಸ್ಥಾನ. ನಾವು ಜಗಳಕ್ಕೆ ಹೋಗುವುದಿಲ್ಲ. ನಮ್ಮ ಹಿರಿಯರ ಕಡಲತೀರ ಎಂದು ಮಕ್ಕಳಿಗೆ ತೋರಿಸಿ ಬರೋಣ. ಇನ್ನೂ ದೂರಕ್ಕೆ ನೋಡುವುದಾದರೆ, ಅಶೋಕನ ಹದಿಮೂರನೆಯ ಶಾಸನ ಐವರು ಯವನ ದೊರೆಗಳನ್ನು ಹೆಸರಿಸುತ್ತದೆ. ಅವರಲ್ಲಿ ತುರಮಾಯ ಈಜಿಪ್ಟಿನವನು, ಮಗ ಎಂಬವನು ಈಗಿನ ಲಿಬಿಯಾದ ಕರಾವಳಿಯವನು. ಧಮ್ಮದ ಮಾತು ಮೆಡಿಟರೇನಿಯನ್ ತೀರದವರೆಗೂ ಹೊರಟಿತ್ತು. ಕುಡ್ಲೆಯ ಮರಳಲ್ಲಿ ನಿಲ್ಲಲು ನಾವು ಹಿಂಜರಿಯಬೇಕೆ?

ಹೋದ ವರ್ಷ ಸಹೋದ್ಯೋಗಿಗಳ ಜೊತೆ ನಾನು ಆ ದಾರಿ ನಡೆದಿದ್ದೇನೆ. ಗೈಡ್ ಹುಡುಗ ಮುಂದೆ, ನಾವು ಹತ್ತು ಮಂದಿ ಫೋಟೊ ತೆಗೆಯುತ್ತಾ ಹಿಂದೆ. ಓಂ ಬೀಚಿನ ಮೇಲಿನ ಗುಡ್ಡದಲ್ಲಿ ಅವನನ್ನು ಮನೆ ಎಲ್ಲಿ ಎಂದು ಕೇಳಿದೆ. ಮೀನುಗಾರರ ಮಗ. ಈ ಕಾಲುದಾರಿ ತನ್ನ ಅಜ್ಜಿ ಮೀನುಬುಟ್ಟಿ ಹೊತ್ತು ಹೋಗುತ್ತಿದ್ದ ದಾರಿ ಎಂದ. ಮುಂದೆ ಅವನ ಮಾತು ಕೇಳುತ್ತಲೇ ನಡೆದೆವು, ಫೋಟೊ ಕಡಿಮೆಯಾದವು.

ಇನ್ನು ನಡಿಗೆಯ ಅಭ್ಯಾಸ. ಅಂಗುತ್ತರ ನಿಕಾಯದಲ್ಲಿ ಭಗವಾನರು ಚಂಕ್ರಮಣದ ಐದು ಲಾಭ ಹೇಳುತ್ತಾರೆ: ದೂರ ಪ್ರಯಾಣ ತಾಳುವ ಶಕ್ತಿ, ಶ್ರಮ ತಾಳುವ ಶಕ್ತಿ, ಆರೋಗ್ಯ, ಉಂಡದ್ದು ಜೀರ್ಣವಾಗುವುದು, ನಡೆಯುತ್ತಾ ಪಡೆದ ಸಮಾಧಿ ಬಹುಕಾಲ ಉಳಿಯುವುದು. (ನಾಲ್ಕನೆಯದು ನಮ್ಮ ಕೆಲವು ಉಪಾಸಕರಿಗೆ ತುರ್ತು ಬೇಕು 😊) ಇದಕ್ಕೆ ಗುಡ್ಡ ಹತ್ತಬೇಕಿಲ್ಲ. ಕುಡ್ಲೆಯ ಒದ್ದೆ ಮರಳಿನಲ್ಲಿ ಬೆಳಿಗ್ಗೆ ಅರ್ಧ ಗಂಟೆ, ಮಾತಿಲ್ಲದೆ, ಮೊಬೈಲ್ ಚೀಲದಲ್ಲಿಟ್ಟು, ಹಿಮ್ಮಡಿ ಊರುವುದು ಬೆರಳು ಏಳುವುದು ಗೊತ್ತಾಗುವಂತೆ. ಮಂಡಿನೋವಿನವರು ಅಲ್ಲೇ ಉಳಿಯಲಿ, ಮಕ್ಕಳು ಮುಂದೆ ಹೋಗಲಿ. ಪ್ಲಾಸ್ಟಿಕ್ ಬಾಟಲಿ ಬೇಡ. ಗೈಡ್‌ಗೂ ನಮ್ಮ ಜೊತೆಗೇ ಊಟ. ಸೌದೆಯೋ ಬುಟ್ಟಿಯೋ ಹೊತ್ತವರು ಎದುರು ಬಂದರೆ ದಾರಿ ಬಿಡುವವರು ನಾವು.

ಜೈ ಭೀಮ್ 💙