ಎರಡು ಸರಿಗಳ ನಡುವೆ

ನಮ್ಮ ರಾಜ್ಯಪಕ್ಷಿ ನೀಲಕಂಠದ ಗರಿಯಲ್ಲಿ ನೀಲಿ ವರ್ಣದ್ರವ್ಯವೇ ಇಲ್ಲ. ಗರಿಯೊಳಗಿನ ಅತಿಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವ ಬಗೆಯಿಂದ ಆ ನೀಲಿ ಹುಟ್ಟುತ್ತದೆ. 1930ರ ದಶಕದಲ್ಲಿ ಬೆಂಗಳೂರಿನಲ್ಲಿದ್ದ ಸಿ.ವಿ. ರಾಮನ್ ಈ ಹಕ್ಕಿಯ ಗರಿಗಳನ್ನು ಪರೀಕ್ಷಿಸಿ, ಬಣ್ಣದ ಮೂಲ ಹುಡುಕಿದ್ದರು. ಇಂದಿನ ನ್ಯಾನೊಫೋಟಾನಿಕ್ಸ್ ಸಂಶೋಧಕರದು ತಿರುಗಾಮುರುಗಾ ಹುಡುಕಾಟ: ಇಂಥ ಬೆಳಕು ಬೇಕು, ಅದನ್ನು ಕೊಡುವ ರಚನೆ ಯಾವುದು?

ರಚನೆ ಗೊತ್ತಿದ್ದರೆ ಬೆಳಕಿನ ನಡೆಯನ್ನು ಮ್ಯಾಕ್ಸ್‌ವೆಲ್ ಸಮೀಕರಣಗಳಿಂದ ಲೆಕ್ಕ ಹಾಕಬಹುದು, ಉತ್ತರ ಒಂದೇ. ಹಿಂದುಮುಂದಾಗಿ ಕೇಳಿದರೆ ಉತ್ತರ ಹಲವು. ಪದರಗಳಿಂದಾದ ಎರಡು ರಚನೆಗಳಲ್ಲಿ ಪದರಗಳ ದಪ್ಪ ಬೇರೆಬೇರೆಯಾದರೂ ಹೊರಬರುವ ಬೆಳಕು ಹೆಚ್ಚುಕಡಿಮೆ ಒಂದೇ ಇರಬಹುದು. ಇಂಥ ರಚನೆ ಹುಡುಕಲು ಬಳಸುವ ಡೀಪ್ ಲರ್ನಿಂಗ್ ಎಡವುವುದು ಇಲ್ಲೇ. ಒಂದೇ ಪ್ರಶ್ನೆಗೆ ಎರಡು ಸರಿಯುತ್ತರ ತೋರಿಸಿ ಕಲಿಸಿದರೆ, ಎರಡಕ್ಕೂ ಹತ್ತಿರವಿರಲು ಹೋಗಿ, ಉದಾಹರಣೆಗಳಿಂದ ಕಲಿಯುವ ಅದರ ನರಜಾಲ ಸರಾಸರಿಯನ್ನು ಹಿಡಿಯುತ್ತದೆ. ಆ ಸರಾಸರಿ ರಚನೆ ಕೊಡುವ ಬೆಳಕು ಯಾರೂ ಕೇಳಿದ್ದಲ್ಲ.

2018ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಝೊಂಗ್‌ಫು ಯು ತಂಡ ಇದಕ್ಕೊಂದು ಉಪಾಯ ಕಂಡುಕೊಂಡಿತು. ರಚನೆಯಿಂದ ಬೆಳಕನ್ನು ಊಹಿಸಲು ಒಂದು ಜಾಲಕ್ಕೆ ಮೊದಲು ಕಲಿಸಿ, ಅದನ್ನು ಹಾಗೇ ಕಟ್ಟಿಹಾಕಿದರು. ರಚನೆ ಸೂಚಿಸುವ ಎರಡನೆಯ ಜಾಲವನ್ನು ಅದಕ್ಕೆ ಜೋಡಿಸಿ, ಅದರ ಸೂಚನೆಯನ್ನು ಮೊದಲ ಜಾಲದಿಂದ ಪರೀಕ್ಷಿಸಿದರು. ಸೂಚಿಸಿದ ರಚನೆ ಕಲಿಕೆಯ ಮಾದರಿಯಲ್ಲಿದ್ದಂತೆಯೇ ಇರಬೇಕಿಲ್ಲ, ಬೇಕಾದ ಬೆಳಕು ಬಂದರೆ ಸಾಕು. ಮೌಲ್ಯಮಾಪನಕ್ಕೆ ಕೂತ ಮೇಷ್ಟರಾಗಿ ನನಗಿದು ಪರಿಚಿತ ಇಕ್ಕಟ್ಟು. ಕೀ ಉತ್ತರದಲ್ಲಿಲ್ಲದ ದಾರಿಯಲ್ಲಿ ಲೆಕ್ಕ ಬಿಡಿಸಿದ ಹುಡುಗಿಗೆ ಅಂಕ ಕೊಡಬೇಕಾದರೆ, ಕೀ ಪಕ್ಕಕ್ಕಿಟ್ಟು ನಾನೇ ಲೆಕ್ಕ ಮಾಡಿ ನೋಡಬೇಕು.

ದಪ್ಪವನ್ನಾದರೂ ಹೀಗೆ ಸ್ವಲ್ಪಸ್ವಲ್ಪವೇ ಬದಲಿಸಿ ಹೊಂದಿಸಬಹುದು. 40 ನ್ಯಾನೊಮೀಟರ್‌ಗೂ 60ಕ್ಕೂ ನಡುವೆ 50 ಇದೆ. ಪದರ ಬೆಳ್ಳಿಯದೋ ಚಿನ್ನದ್ದೋ ಎಂದಾಗ ನಡುವೆ ಏನಿದೆ? 2019ರಲ್ಲಿ ದಕ್ಷಿಣ ಕೊರಿಯಾದ ಪೋಸ್ಟೆಕ್‌ನಲ್ಲಿ ಜುನ್‌ಸುಕ್ ರೋ ತಂಡ ಪದರಪದರದ ನ್ಯಾನೊಕಣಗಳ ವಸ್ತುವನ್ನೂ ದಪ್ಪವನ್ನೂ ಒಟ್ಟಿಗೆ ಆರಿಸಲು ಜಾಲಕ್ಕೆ ಕಲಿಸಿತು, ಆದರೆ ಎರಡಕ್ಕೂ ಒಂದೇ ಅಳತೆಗೋಲು ಬಳಸಲಿಲ್ಲ. ದಪ್ಪಕ್ಕೆ ಎಷ್ಟು ಎಂಬ ಪ್ರಶ್ನೆ, ವಸ್ತುವಿಗೆ ಯಾವುದು ಎಂಬ ಪ್ರಶ್ನೆ.

ಬದುಕಿನಲ್ಲಿ ನಾವು ಇವೆರಡನ್ನು ಸಲೀಸಾಗಿ ಬೆರೆಸಿಬಿಡುತ್ತೇವೆ. ಇಬ್ಬರು ಹಿರಿಯರು ಎರಡು ಒಳ್ಳೆಯ ಸಲಹೆ ಕೊಟ್ಟರೆ, ಯಾರಿಗೂ ನೋವಾಗದಿರಲೆಂದು ಅರ್ಧರ್ಧ ಪಾಲಿಸಿ, ಅದನ್ನು ಸಮತೋಲನ ಎನ್ನುತ್ತೇವೆ. ಖರ್ಚು, ಸಮಯ, ಜಮೀನು ಇವಕ್ಕೆ ನಡುದಾರಿ ಸಲ್ಲುತ್ತದೆ. ವೃತ್ತಿ, ಮದುವೆ, ಕೊಟ್ಟ ಮಾತಿಗೆ ನಿಲ್ಲುವುದು ಇವುಗಳಲ್ಲಿ ಎರಡು ಸರಿಗಳನ್ನು ಕೂಡಿ ಭಾಗಿಸಿದರೆ ಕೈಗೆ ಬರುವುದು ತಪ್ಪೇ ಇರಬಹುದು.

ಬೆಳ್ಳಿಗೂ ಚಿನ್ನಕ್ಕೂ ನಡುವೆ ಮಿಶ್ರಲೋಹ ಮಾಡಬಹುದಲ್ಲ ಎಂದು ಯಾರಾದರೂ ಕೇಳಿಯಾರು. ಮಾಡಬಹುದು. ಆದರೆ ಬೆಳ್ಳಿ, ಚಿನ್ನ ಬೆರೆತ ಲೋಹ ಬೆಳಕಿನೆದುರು ಎರಡರ ಸರಾಸರಿಯಂತೆ ನಡೆದುಕೊಳ್ಳುವುದಿಲ್ಲ; ಅದಕ್ಕೆ ಅದರದೇ ಗುಣ. ರಾಜಿಯೂ ಹಾಗೆ ಮೂರನೆಯದೊಂದು ಆಯ್ಕೆ. ಇಬ್ಬರಿಗೂ ಹತ್ತಿರವಿದೆ ಎಂಬ ಕಾರಣಕ್ಕೆ ಅದನ್ನು ಒಪ್ಪುವಂತಿಲ್ಲ. ಉಳಿದೆರಡರಂತೆ ಅದನ್ನೂ ಒರೆಗೆ ಹಚ್ಚಲೇಬೇಕು.