‘ಅಂತ’ದ ಕೊನೆಯ ಗುಂಡು ಯಾರಿಗೆ ತಗಲಿತು?

ಕೆಲವು ಚಲನಚಿತ್ರಗಳು ಹಳತಾದಂತೆ ಮರೆವಿಗೆ ಸರಿಯುತ್ತವೆ. ಇನ್ನು ಕೆಲವು, ನಾವು ಉತ್ತರಿಸದೆ ಬಿಟ್ಟ ಪ್ರಶ್ನೆಯೊಂದನ್ನು ಹಿಡಿದುಕೊಂಡು ಬೆನ್ನ ಹಿಂದೆಯೇ ಬರುತ್ತವೆ. 1981ರಲ್ಲಿ ತೆರೆ ಕಂಡ ‘ಅಂತ’ ಈ ಎರಡನೆಯ ಬಗೆಯದು. ಎಚ್.ಕೆ. ಅನಂತರಾವ್ ಅವರು ‘ಸುಧಾ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ ಕಾದಂಬರಿಯನ್ನು ಎಸ್.ವಿ. ರಾಜೇಂದ್ರಸಿಂಗ್ ಬಾಬು ಚಿತ್ರವಾಗಿಸಿದರು. ಅಂಬರೀಶ್ ಅವರನ್ನು ನಾಯಕನಟನಾಗಿ ನೆಲೆಗೊಳಿಸಿದ ಚಿತ್ರ ಅದು. ಅದರ ಕ್ರೌರ್ಯದ ದೃಶ್ಯಗಳೂ ಆಡಳಿತದ ಚಿತ್ರಣವೂ ಅಂದು ದೊಡ್ಡ ವಿವಾದ ಎಬ್ಬಿಸಿದವು. ಅದೇ ನಿರ್ದೇಶಕರು ಹಿಂದಿಯಲ್ಲಿ ಮಾಡಿದ ‘ಮೇರಿ ಆವಾಜ್ ಸುನೋ’ ಕೂಡ ವಿವಾದದಿಂದ ಪಾರಾಗಲಿಲ್ಲ.

ಕಥೆ ಬಹುಮಂದಿಗೆ ಗೊತ್ತಿರುವುದೇ. ಇನ್‌ಸ್ಪೆಕ್ಟರ್ ಸುಶೀಲ್ ಕುಮಾರ್ ಪ್ರಾಮಾಣಿಕ ಅಧಿಕಾರಿ. ಪಾತಕಿ ಕನ್ವರ್‌ಲಾಲ್ ರೂಪದಲ್ಲಿ ಅವನ ತದ್ರೂಪಿ. ಇಲಾಖೆಯ ಆದೇಶದಂತೆ ಸುಶೀಲ್ ಪಾತಕಿಯ ವೇಷದಲ್ಲಿ ಭೂಗತ ಜಾಲವನ್ನು ಹೊಗುತ್ತಾನೆ. ಗುಟ್ಟು ರಟ್ಟಾದಾಗ ಅವನ ಉಗುರುಗಳನ್ನು ಕೀಳಲಾಗುತ್ತದೆ. ಅವನ ಗರ್ಭಿಣಿ ಹೆಂಡತಿಯನ್ನೂ ಹಿಂಸಿಸಲಾಗುತ್ತದೆ. ಕಾನೂನನ್ನು ಕಾಯಬೇಕಾದವರೇ ಪಾತಕಿಗಳ ಜೊತೆಗಾರರೆಂದು ಅವನಿಗೆ ತಿಳಿಯುತ್ತದೆ. ಕೊನೆಗೆ ನ್ಯಾಯಾಲಯದಲ್ಲೇ ಅವನು ಅವರನ್ನೆಲ್ಲ ಗುಂಡಿಟ್ಟು ಕೊಲ್ಲುತ್ತಾನೆ.

ಬರಲಿರುವ ಕರಾಳ ಲೋಕವನ್ನು ಕಲ್ಪಿಸುವ ಚಿತ್ರಗಳು ಹಾಲಿವುಡ್ಡಿನಲ್ಲಿ ಬೇಕಾದಷ್ಟಿವೆ. ‘ಅಂತ’ಕ್ಕೆ ಅಂತಹ ಭವಿಷ್ಯ ಬೇಕಿರಲಿಲ್ಲ. ತುರ್ತುಪರಿಸ್ಥಿತಿ ಮುಗಿದು ಆಗಿನ್ನೂ ನಾಲ್ಕೇ ವರ್ಷ ಕಳೆದಿತ್ತು. ‘ಸಂಸ್ಕಾರ’ ಚಿತ್ರದಲ್ಲಿ ನಟಿಸಿದ್ದ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲಿನಲ್ಲಿ ತಿಂಗಳುಗಟ್ಟಲೆ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಹೋಗಿದ್ದರು. ಕಾಯುವ ಕೈಯೇ ಕೊರಳು ಹಿಸುಕಬಲ್ಲದು ಎಂಬುದು ಅಂದಿನ ಪ್ರೇಕ್ಷಕನಿಗೆ ಕಟ್ಟುಕಥೆಯಾಗಿರಲಿಲ್ಲ. ಹಾಗಾಗಿ ಆ ಕೊನೆಯ ಗುಂಡುಗಳಿಗೆ ಚಪ್ಪಾಳೆ ಬಿದ್ದುದರಲ್ಲಿ ಆಶ್ಚರ್ಯವಿಲ್ಲ. ಆದರೆ ನಾಲ್ಕು ದಶಕಗಳ ನಂತರ ಆ ಚಪ್ಪಾಳೆಯ ಬಗ್ಗೆಯೇ ನಾವು ಯೋಚಿಸಬೇಕಾಗಿದೆ. ರಾಜಸಭೆ ನ್ಯಾಯ ಕೊಡದಿದ್ದಾಗ ನೊಂದವನು ಏನು ಮಾಡಬೇಕು?

ಈ ಪ್ರಶ್ನೆ ನಮ್ಮ ಪೆರ್ಡೂರಿಗೆ ಹೊಸದಲ್ಲ. ಊರಿನ ಹೆಸರು ಹೊತ್ತು ತಿರುಗಾಟ ನಡೆಸುವ ಮೇಳವಿರುವ ಊರಿದು. ಯಕ್ಷಗಾನ ಬಲ್ಲವರಿಗೆಲ್ಲ ಕೀಚಕವಧೆಯ ಕಥೆ ಗೊತ್ತು. ಅಲ್ಲಿಯೂ ವೇಷ ಮರೆಸಿಕೊಂಡವರಿದ್ದಾರೆ. ತುಂಬಿದ ಸಭೆಯಲ್ಲಿ ಕೀಚಕ ಸೈರಂಧ್ರಿಯನ್ನು ಒದೆಯುತ್ತಾನೆ. ವಿರಾಟರಾಜ ಬಾಯಿ ಬಿಡುವುದಿಲ್ಲ. ದೂರು ಕೇಳುವವರಿಲ್ಲದೆ ಹೋದಾಗ ಅವಳು ಭೀಮನ ಬಳಿ ಹೋಗುತ್ತಾಳೆ. ಕತ್ತಲ ನಾಟ್ಯಶಾಲೆಯಲ್ಲಿ ಕೀಚಕನ ಕಥೆ ಮುಗಿಯುತ್ತದೆ. ‘ಅಂತ’ದ ಕಥಾಹಂದರವೂ ಹೆಚ್ಚುಕಡಿಮೆ ಇದೇ.

ಆದರೆ ಎರಡು ವ್ಯತ್ಯಾಸಗಳನ್ನು ಗಮನಿಸಬೇಕು. ಮೊದಲನೆಯದು, ಕೀಚಕ ಸತ್ತಲ್ಲಿಗೆ ಕಥೆ ಮುಗಿಯುವುದಿಲ್ಲ. ಉಪಕೀಚಕರು ಬಂದು ಅಣ್ಣನ ಶವದೊಂದಿಗೆ ಸೈರಂಧ್ರಿಯನ್ನೂ ಸುಡಲು ಹೊರಡುತ್ತಾರೆ. ಮತ್ತೆ ಕೊಲೆಗಳಾಗುತ್ತವೆ. ಒಂದು ವಧೆ ಇನ್ನೊಂದನ್ನು ಕರೆದು ತರುತ್ತದೆ ಎಂಬ ಸತ್ಯವನ್ನು ಮಹಾಭಾರತ ಮುಚ್ಚಿಡುವುದಿಲ್ಲ. ಎರಡನೆಯದು ಇನ್ನೂ ಮುಖ್ಯ. ಭೀಮ ಕೊಂದದ್ದು ತನ್ನ ಹೆಸರಿನಲ್ಲಿ, ನೊಂದ ಹೆಂಡತಿಗಾಗಿ. ಸುಶೀಲ್ ಕುಮಾರ್ ಸರಕಾರ ಕೊಟ್ಟ ಅಧಿಕಾರ ಹೊತ್ತವನು. ಅವನ ಸಿಟ್ಟಿಗೆ ಕಾರಣವಿದೆ. ಆದರೆ ಅವನ ಕೈಗೆ ಬಂದೂಕು ಕೊಟ್ಟದ್ದು ಆ ಸಿಟ್ಟಲ್ಲ, ಸಮಾಜ. ತಪ್ಪಿತಸ್ಥರನ್ನು ನ್ಯಾಯಾಲಯದ ಮುಂದೆ ತಂದು ನಿಲ್ಲಿಸಲಿ ಎಂಬ ನಂಬಿಕೆಯಿಂದ ಕೊಟ್ಟದ್ದು.

ಚಿತ್ರ ತನ್ನನ್ನು ತಾನೇ ಸುಳ್ಳಾಗಿಸಿಕೊಳ್ಳುವುದೂ ಇಲ್ಲಿಯೇ. ಉಗುರು ಕೀಳುವ ದೃಶ್ಯದಲ್ಲಿ ನಮ್ಮ ಮೈ ನಡುಗುವುದೇಕೆ? ಸುಶೀಲ್ ಒಳ್ಳೆಯವನು ಎಂಬುದಕ್ಕೆ ಮಾತ್ರವೇ? ಆ ಕುರ್ಚಿಯಲ್ಲಿ ನಿಜವಾದ ಕನ್ವರ್‌ಲಾಲ್ ಕುಳಿತಿದ್ದರೆ ನಾವು ಸುಮ್ಮನಿರುತ್ತಿದ್ದೆವೇ? ಹೌದೆಂದಾದರೆ ಹಿಂಸೆಯ ಬಗ್ಗೆ ನಮಗೆ ತಕರಾರೇ ಇಲ್ಲ, ಯಾರಿಗೆ ಹಿಂಸೆಯಾಗುತ್ತಿದೆ ಎಂಬುದರ ಬಗ್ಗೆ ಮಾತ್ರ ತಕರಾರು ಎಂದಾಯಿತು. ಇಬ್ಬರ ಮುಖವೂ ಒಂದೇ ಎಂಬುದನ್ನು ಮರೆಯಬಾರದು. ಮುಖ ನೋಡಿ ಇವನೇ ಅಪರಾಧಿ ಎಂದು ತೀರ್ಮಾನಿಸುವುದು ಎಷ್ಟು ಅಪಾಯವೆಂಬುದಕ್ಕೆ ಈ ಕಥೆಗಿಂತ ಒಳ್ಳೆಯ ದೃಷ್ಟಾಂತ ಬೇಕೆ? ವಿಚಾರಣೆ ಎಂಬ ಏರ್ಪಾಡು ಹುಟ್ಟಿದ್ದೇ ಸುಶೀಲನನ್ನು ಕನ್ವರ್‌ಲಾಲನಿಂದ ಬೇರ್ಪಡಿಸಿ ಗುರುತಿಸಲಿಕ್ಕೆ.

ತೆರೆಯ ಹೊರಗೂ ಅದೇ ದಿನಗಳಲ್ಲಿ ಇದರ ಪರೀಕ್ಷೆ ನಡೆದಿತ್ತು. 1979-80ರಲ್ಲಿ ಬಿಹಾರದ ಭಾಗಲ್ಪುರದಲ್ಲಿ ಪೊಲೀಸರು 30ಕ್ಕೂ ಹೆಚ್ಚು ಆರೋಪಿಗಳ ಕಣ್ಣಿಗೆ ಚುಚ್ಚಿ ಆ್ಯಸಿಡ್ ಸುರಿದರು. ಸುದ್ದಿ ಹೊರಬಿದ್ದಾಗ ಅಲ್ಲಿನ ಜನರಲ್ಲಿ ಬಹಳಷ್ಟು ಮಂದಿ ಪೊಲೀಸರ ಪರವಾಗಿಯೇ ಬೀದಿಗಿಳಿದರು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಡ ಆರೋಪಿಗೆ ಉಚಿತ ಕಾನೂನು ನೆರವು ಕೊಡುವುದು ಸರಕಾರದ ಹೊಣೆ, ಅದು ಮ್ಯಾಜಿಸ್ಟ್ರೇಟರ ಮುಂದೆ ಮೊದಲ ಬಾರಿ ಹಾಜರುಪಡಿಸಿದಾಗಿನಿಂದಲೇ ಸಿಗಬೇಕು ಎಂದು ಹೇಳಿತು.

2019ರ ಡಿಸೆಂಬರಿನಲ್ಲಿ ಹೈದರಾಬಾದ್ ಬಳಿ ಯುವ ಪಶುವೈದ್ಯೆಯ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಬಲಿಯಾದಾಗ ಜನ ಪೊಲೀಸರ ಮೇಲೆ ಹೂ ಚೆಲ್ಲಿದರು. ಸುಪ್ರೀಂ ಕೋರ್ಟು ನೇಮಿಸಿದ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಬಹಿರಂಗವಾಯಿತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ ಎಂಬುದು ಅದರ ಅಭಿಪ್ರಾಯ. ನಾಲ್ವರಲ್ಲಿ ಮೂವರು ಅಪ್ರಾಪ್ತರಾಗಿದ್ದರು ಎಂದೂ ಅದು ಹೇಳಿತು. ಆ ಹೆಣ್ಣುಮಗಳಿಗೆ ನಿಜಕ್ಕೂ ಏನಾಯಿತು, ಯಾರ ಪಾಲೆಷ್ಟು ಎಂದು ತುಂಬಿದ ನ್ಯಾಯಾಲಯದಲ್ಲಿ ಸಾಬೀತಾಗುವ ದಾರಿ ಅಂದೇ ಮುಚ್ಚಿಹೋಯಿತು. ಆರೋಪಿಯನ್ನು ಕೊಂದವರು ಸತ್ಯದ ಒಬ್ಬ ಸಾಕ್ಷಿಯನ್ನೂ ಕೊಂದಿರುತ್ತಾರೆ.

ಇದೆಲ್ಲ ದೂರದ ಮಾತೆಂದುಕೊಳ್ಳುವಂತಿಲ್ಲ. ಪೆರ್ಡೂರಿನಿಂದ ಆಗುಂಬೆಯ ಕಡೆ ಹೊರಟರೆ ಸಿಗುವುದು ಹೆಬ್ರಿ. ಆ ತಾಲೂಕಿನ ಕಬ್ಬಿನಾಲೆ ಸಮೀಪದ ಕಾಡಂಚಿನಲ್ಲಿ 2024ರ ನವೆಂಬರಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಗುಂಡಿಗೆ ಬಲಿಯಾದರು. ಗುಂಡಿನ ಚಕಮಕಿ ಎಂದು ಸರಕಾರ ಹೇಳಿತು. ಸ್ವತಂತ್ರ ತನಿಖೆಯಾಗಲಿ ಎಂಬ ಕೂಗೂ ಎದ್ದಿತು. ಎನ್‌ಕೌಂಟರ್ ಸಾವುಗಳ ತನಿಖೆ ಹೇಗೆ ನಡೆಯಬೇಕೆಂದು ಸುಪ್ರೀಂ ಕೋರ್ಟು 2014ರಲ್ಲೇ ವಿಧಿಸಿದೆ. ಬಂದೂಕಿನ ರಾಜಕೀಯವನ್ನು ಒಪ್ಪದವರೂ ಅಂತಹ ತನಿಖೆಯನ್ನು ಕೇಳಬಹುದು, ಕೇಳಬೇಕು. ಮರುವರ್ಷ ಜನವರಿಯಲ್ಲಿ ಆರು ಮಂದಿ ನಕ್ಸಲರು ಶರಣಾಗಿ ಬೆಂಗಳೂರಿಗೆ ಬಂದರು. ಅವರ ಮೇಲಿನ ಆರೋಪಗಳ ವಿಚಾರಣೆಗೆ ಅದರಿಂದ ದಾರಿಯಾಯಿತು. ಸತ್ತವರ ಬಗ್ಗೆ ಊಹೆ ಮಾತ್ರ ಉಳಿಯುತ್ತದೆ.

ಹಾಗಾದರೆ ವರ್ಷಗಟ್ಟಲೆ ನಡೆಯುವ ಮೊಕದ್ದಮೆಗಳು, ತಿರುಗಿ ಬೀಳುವ ಸಾಕ್ಷಿಗಳು, ಹಣವಿದ್ದವನಿಗೆ ಸಿಗುವ ಜಾಮೀನು, ಇವುಗಳಿಗೆ ಉತ್ತರವೇನು? ನೊಂದವರ ಈ ಪ್ರಶ್ನೆಯನ್ನು ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ. ‘ಅಂತ’ ಹೇಳಿದ ರೋಗ ನಿಜವಾದದ್ದೇ. ಆದರೆ ಅದು ಬರೆದುಕೊಟ್ಟ ಮದ್ದು ರೋಗಕ್ಕಿಂತ ಭಿನ್ನವಲ್ಲ. ಕೇಳದೆ ತೀರ್ಪು ಕೊಡುವುದು, ತೀರ್ಪು ಕೊಟ್ಟವನೇ ಶಿಕ್ಷಿಸುವುದು, ಯಾರಿಗೂ ಲೆಕ್ಕ ಒಪ್ಪಿಸದಿರುವುದು, ಪಾತಕಿಗಳ ಅಡ್ಡೆಯಲ್ಲಿ ನಡೆದದ್ದೂ ಇದೇ ಅಲ್ಲವೇ? ನ್ಯಾಯಾಲಯ ಕೆಟ್ಟಿದ್ದರೆ ಅದನ್ನು ಸರಿಪಡಿಸಬೇಕು. ಅದು ನಿಧಾನದ, ಬೇಸರದ, ಚಪ್ಪಾಳೆ ಸಿಗದ ಕೆಲಸ. ಕಂಡದ್ದನ್ನು ಕಂಡಂತೆ ಸಾಕ್ಷಿ ಹೇಳುವುದು ಅದರ ಮೊದಲ ಮೆಟ್ಟಿಲು. ನಮ್ಮವನ ತಪ್ಪನ್ನು ತಪ್ಪೆನ್ನುವುದು ಎರಡನೆಯದು. ಯಾರ ಲಾಕಪ್ ಸಾವನ್ನೂ ‘ಅವನಿಗೆ ಹಾಗೇ ಆಗಬೇಕಿತ್ತು’ ಎನ್ನದಿರುವುದು ಮೂರನೆಯದು.

ತೆರೆಯ ಮೇಲೆ ವ್ಯವಸ್ಥೆಗೆ ಗುಂಡಿಟ್ಟ ಅಂಬರೀಶ್, 2006ರಲ್ಲಿ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ರಾಜ್ಯ ಸಚಿವರಾದರು. ಚಿತ್ರಗಳಿಗೆ ಪ್ರಮಾಣಪತ್ರ ಕೊಡುವ ಮಂಡಳಿ ಬರುವುದು ಆ ಖಾತೆಯ ಕೆಳಗೇ. ಇದನ್ನು ಲೇವಡಿ ಮಾಡಬೇಕಾಗಿಲ್ಲ. ಬಂಡಾಯಗಾರನೂ ಒಂದು ದಿನ ಮತಪೆಟ್ಟಿಗೆಯ ಮೂಲಕವೇ ಒಳಗೆ ಬರಬೇಕಾಯಿತು ಎಂದಷ್ಟೇ ತಿಳಿಯೋಣ. ಕೊನೆಯ ದೃಶ್ಯದಲ್ಲಿ ದುಷ್ಟರು ಉರುಳಿದರು, ನಿಜ. ಆದರೆ ನಾಳೆ ತಪ್ಪು ಆರೋಪ ಹೊತ್ತು ಅದೇ ಕಟಕಟೆಯಲ್ಲಿ ನಿಲ್ಲಬೇಕಾದ ನಿರಪರಾಧಿಗೂ ಆ ಗುಂಡು ತಗಲಿದೆ. ಅವನು ನಮ್ಮ ಮನೆಯ ಮಗನೇ ಆಗಿರಬಹುದು.